ಅಪ್ಪನ ಪಕ್ಕ ಕೂತು ನೋಡಿದ ಸಿನಿಮಾ

ರವೀಂದ್ರ ಆ ಸಿನಿಮಾವನ್ನು ಮೊದಲು ನೋಡಿದ್ದು ಚಿತ್ರದುರ್ಗದಲ್ಲಿ, ತನ್ನಂತೆಯೇ ಬಸ್ ಕಂಡಕ್ಟರುಗಳಾಗಿದ್ದ ಗೆಳೆಯರ ಜೊತೆ. ಅದರಲ್ಲೊಬ್ಬ ಪೆದ್ದ ಕುರಿಗಾಹಿ ಬರುತ್ತಾನೆ. ಹೆಗಲ ಮೇಲೆ ಕಂಬಳಿ, ಬಾಯಿ ತೆರೆದರೆ 'ಐತೆ', 'ಹೋಗಾಣ'. ಪೇಟೆಗೆ ಬಂದವನು ಲಿಫ್ಟಿನ ಬಾಗಿಲಿಗೆ ಕೈಮುಗಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ರವೀಂದ್ರನೂ ನಕ್ಕಿದ್ದ. ಧರ್ಮಪುರದ ಹತ್ತಿರ ತನ್ನಪ್ಪ ಇವತ್ತಿಗೂ ಕುರಿ ಮೇಯಿಸುತ್ತಾನೆಂಬುದು ಆಗ ನೆನಪಿಗೇ ಬರಲಿಲ್ಲ.

ನೆನಪಾದದ್ದು ಅಪ್ಪ ತಿಮ್ಮರಾಯಪ್ಪನೇ ಫೋನು ಮಾಡಿದಾಗ. "ಲೇ ರವೀ, ಕುರಿ ಕಾಯೋನ ಪಿಚ್ಚರ್ ಬಂದೈತಂತಲ್ಲ. ನಂಗೂ ತೋರ್ಸು."

ಡ್ಯೂಟಿ, ರಜೆ ಎಂದೆಲ್ಲ ಹೇಳಿ ರವೀಂದ್ರ ಜಾರಿಕೊಳ್ಳಲು ನೋಡಿದ. ಅಪ್ಪ ಬಿಡಲಿಲ್ಲ. ಭಾನುವಾರ ಬಿಳಿ ಪಂಚೆಯುಟ್ಟು, ಮಡಿಸಿದ ಕಂಬಳಿ ಹೆಗಲಿಗೇರಿಸಿ ಹಿರಿಯೂರಿನ ಥಿಯೇಟರಿಗೇ ಬಂದುಬಿಟ್ಟ.

ಪರದೆಯ ಮೇಲೆ ಕುರಿಗಾಹಿ ಕಾಣಿಸಿಕೊಂಡ. ಜನ ಶಿಳ್ಳೆ ಹೊಡೆದರು. ರವೀಂದ್ರನಿಗೆ ಈ ಸಲ ಬೇರೆಯೇ ಸಿನಿಮಾ ನೋಡುತ್ತಿರುವಂತಿತ್ತು. ಆ ಮಾತು ಅವ್ವನ ಮಾತು. ಆ ಕಂಬಳಿ ಪಕ್ಕದ ಸೀಟಿನಲ್ಲೇ ಇದೆ. ಲಿಫ್ಟಿನ ಸೀನಿಗೆ ಥಿಯೇಟರೆಲ್ಲ ಗೊಳ್ಳೆಂದಾಗ ಅವನ ಕಿವಿ ಬಿಸಿಯಾಯಿತು. ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ.

"ಸೆಕೆ ಆಗ್ತೈತೆ, ಹೋಗಾಣ ನಡಿಯಪ್ಪ."

"ಸುಮ್ನೆ ಕುಂತ್ಕಳಲೇ."

ಮುಂದೆ ಕುರಿಗಾಹಿಯ ಕುರಿಯೊಂದು ಕಳೆದುಹೋಯಿತು. ಅವನು ಕಣ್ಣೀರು ಸುರಿಸುತ್ತ ಗುಡ್ಡದ ಮೇಲೆ ನಿಂತು, ಕೋಳಿ ಕರೆಯುವ ಹಾಗೆ "ಬಾ ಬಾ ಬಾ" ಎಂದ. ಥಿಯೇಟರಿನಲ್ಲಿ ಎಲ್ಲರೂ ಮೂಗೊರೆಸಿಕೊಳ್ಳುತ್ತಿದ್ದರೆ ತಿಮ್ಮರಾಯಪ್ಪ ಗಹಗಹಿಸಿ ನಕ್ಕುಬಿಟ್ಟ. ಮುಂದಿನ ಸಾಲಿನವರು ತಿರುಗಿ ನೋಡಿದರೂ ನಗು ನಿಲ್ಲಲಿಲ್ಲ.

ಹೊರಗೆ ಚಹಾದಂಗಡಿಯಲ್ಲಿ ರವೀಂದ್ರ ಮೆಲ್ಲಗೆ ಕೇಳಿದ. "ಬೇಜಾರಾಯ್ತೇನಪ್ಪ? ನಮ್ಮೋರ್ನ ಹಂಗೆ ತೋರ್ಸವ್ರಲ್ಲ..."

"ನಮ್ಮೋರ್ನಾ? ಆವಪ್ಪ ಒಂದಿನಾನೂ ಕುರಿ ಹಿಂದೆ ಹೋದೋನಲ್ಲ ಬಿಡು. ನಮ್ಮನ್ನ ಕಣ್ಣೆತ್ತಿ ನೋಡೇ ಇಲ್ಲ ಅವ್ರು. ಇನ್ನ ಆಡ್ಕಳೋದೆಲ್ಲಿ ಬಂತು?"

ಸಿನಿಮಾದುದ್ದಕ್ಕೂ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಗಿ ರವೀಂದ್ರ ಉಸಿರು ಬಿಟ್ಟ. ಅಪ್ಪ ಲೋಟ ಕೆಳಗಿಟ್ಟ.

"ಆದ್ರೆ ಆ ಹಾಡ್ನಾಗೆ ಕಂಬ್ಳಿ ಹಾಸಿ, ಅದ್ರ ಮ್ಯಾಲೆ ಚಪ್ಪಲಿ ಕಾಲಲ್ಲಿ ಕುಣಿದ್ರಲ್ಲ, ಅದು ಮನಸಿಗೆ ಬರ್ಲಿಲ್ಲ. ದೇವ್ರ ಗದ್ದುಗೆಗೆ ಹಾಸೋದು ಕಣಪ್ಪ ಅದು."

ಎರಡು ಸಲ ನೋಡಿದರೂ ರವೀಂದ್ರನಿಗೆ ಅದು ಹೊಳೆದಿರಲಿಲ್ಲ.

ಮಾರನೆಯ ದಿನ ಡಿಪೋದಲ್ಲಿ ಗೆಳೆಯ ಬೀರೇಶ್ ಅದೇ ಕುಣಿತವನ್ನು ಮೊಬೈಲಿನಲ್ಲಿ ನೋಡುತ್ತಿದ್ದ. ರವೀಂದ್ರ ಅಪ್ಪನ ಮಾತು ಹೇಳಿ, ಇವನೀಗ ರೇಗಿಸುತ್ತಾನೆಂದು ಕಾದ. ಬೀರೇಶ್ ವಿಡಿಯೊ ನಿಲ್ಲಿಸಿ ದಿಟ್ಟಿಸಿದ.

"ಹೌದಲ್ಲಲೇ. ನಮ್ಮನೇಲೂ ಪೂಜೆಗೆ ಹಾಸ್ತಾರೆ. ಇಷ್ಟು ಸಲ ನೋಡಿದ್ರೂ ಕಣ್ಣಿಗೆ ಬಿದ್ದಿರ್ಲಿಲ್ಲ ನೋಡು."

ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ರವೀಂದ್ರ ಹಗುರವಾಗಿ ನಕ್ಕು, ಟಿಕೆಟ್ ಮಷೀನು ಕೊರಳಿಗೆ ಹಾಕಿಕೊಂಡು ಹೊಸದುರ್ಗದ ಬಸ್ಸಿನತ್ತ ನಡೆದ.