ಕಾಲು ತೊಳೆದು ಆಡುವ ಪಿನ್‌ಬಾಲ್

"ಅಮ್ಮಾ, ವಿಡಿಯೋ ಗೇಮ್ ಆಡೋಕೂ ಚನ್ನರಾಯಪ್ಪ ತಾತ ಯಾಕೆ ಕಾಲು ತೊಳೆಸ್ತಾರೆ?" ಎಂದು ಮಗಳು ಕೇಳಿದಳು.

ಅವರು ಹೋಳೂರಿನಲ್ಲಿ ಆಯಸ್ಸೆಲ್ಲ ರೇಷ್ಮೆಹುಳು ಸಾಕಿದವರು. ಹುಳಕ್ಕೆ ರೋಗ ತಗಲೀತೆಂದು ಪಾಲಿಸಿದ ಮಡಿಯನ್ನು ಈಗ ಕೋಲಾರದಲ್ಲಿ ತೆರೆದ ಗೇಮ್ ಅಂಗಡಿಗೂ ಹೊತ್ತು ತಂದಿದ್ದಾರೆ. ಬೀಡಿ ಸೇದಿದವರು ಒಳಗೆ ಬರಬಾರದು, ಗೆದ್ದವರು ಕೂಗಬಾರದು. ಗುಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಮಿಷನ್ನಿನ ಗಾಜು ನಮ್ಮ ಮನೆಯ ಕನ್ನಡಿಗಿಂತ ಚೊಕ್ಕಟ. "ತಾತಾ, ಮಿಷನ್ ಯಾವಾಗ ಗೂಡು ಕಟ್ಟತ್ತೆ?" ಎಂದು ಆಡಿಕೊಂಡು ಹುಡುಗರು ಬರುವುದನ್ನೇ ಬಿಟ್ಟರು. ಹೀಗೇ ಆದರೆ ಯುಗಾದಿಯೊಳಗೆ ಅಂಗಡಿ ಮುಚ್ಚಬೇಕು.

ಇವತ್ತು ನಮ್ಮನ್ನು ಕಂಡು ತಾತ ಬಾಗಿಲಿಗೆ ಬಂದರು.

"ಸಂಜೆ ಹೊತ್ತು ಮಗೂನ ಇಲ್ಲಿ ಬಿಟ್ಟಿರಮ್ಮಾ. ಒಳಗೆ ಯಾರೋ ಇದಾರೆ ಅಂತ ಕಂಡ್ರೆ ನಾಲ್ಕು ಜನ ಬರ್ತಾರೆ. ಮಿಷನ್ ಮಾತ್ರ ಮುಟ್ಟಬೇಡ ಅಂತ ಹೇಳಿ ಕಳಿಸು."