ಗಿರಿಜಾಂಬಿಕಾ ಮೇಡಂ ಮತ್ತು ಆರು ಅಂಕದ ಮುದುಕಿ

ಗಿರಿಜಾಂಬಿಕಾ ಮೇಡಂ ಭಯವಿಲ್ಲದೆ ಕಳೆದ ಒಂದು ದಿನವನ್ನೂ ನಾನು ಕಂಡಿಲ್ಲ. ತಿಪಟೂರಿನಲ್ಲಿ ಬಸ್ಸು ಹತ್ತಿದರೆ ಅದು ಚಿಕ್ಕನಾಯಕನಹಳ್ಳಿ ಮುಟ್ಟುತ್ತದೋ ಇಲ್ಲವೋ ಎಂಬ ಭಯ. ಮುಟ್ಟಿದ ಮೇಲೆ ಮನೆಯಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಭಯ. ಸ್ಟಾಫ್ ರೂಮಿಗೆ ಬಂದವರೇ ಬ್ಯಾಗು ಕೆಳಗಿಡುವ ಮೊದಲು ಗಂಡ ಏಕಾಂತಯ್ಯನವರಿಗೆ ಫೋನು ಮಾಡುತ್ತಾರೆ. ಅವರದು ಕೊಬ್ಬರಿ ವ್ಯಾಪಾರ. ಮಂಡಿಯ ಗದ್ದಲದ ನಡುವೆ ಅವರು "ಆಫ್ ಆಗೈತೆ ಕಣೇ, ನಾನೇ ನೋಡ್ದೆ" ಎನ್ನುವುದು ಪಕ್ಕದ ಕುರ್ಚಿಯಲ್ಲಿರುವ ನನಗೂ ಕೇಳಿಸುತ್ತದೆ. ಆ ಮನುಷ್ಯ ಒಂದು ದಿನವೂ ನೋಡಿರಲಿಕ್ಕಿಲ್ಲ ಎಂದು ನನ್ನ ಅನುಮಾನ.

ನಾನು ಅವರಿರುವ ಚಿಕ್ಕನಾಯಕನಹಳ್ಳಿಯ ಪಿಯು ಕಾಲೇಜಿನ ಕನ್ನಡ ಮೇಷ್ಟ್ರು, ಹೆಸರು ಗಂಗಾಧರಯ್ಯ. ಅವರು ಇಂಗ್ಲಿಷ್. ನಮ್ಮ ತರಗತಿಗಳ ನಡುವೆ ಇರುವುದು ಒಂದೇ ಇಟ್ಟಿಗೆಯ ಗೋಡೆ. ಅವರು ಬರೆಸುವ ಉತ್ತರಗಳೆಲ್ಲ ಆ ಗೋಡೆ ದಾಟಿ ಬಂದು ನನಗೂ ಬಾಯಿಪಾಠವಾಗಿವೆ. ಪದ್ಯವನ್ನು ಒಮ್ಮೆ ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಆಮೇಲೆ "ಬರ್ಕೊಳ್ಳಿ" ಎನ್ನುತ್ತಾರೆ. ಕಾಮಾ, ಫುಲ್ ಸ್ಟಾಪ್ ಸಮೇತ ಬರೆಸುತ್ತಾರೆ. ಹುಡುಗರು ಅದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಸುರಿದು ಬರುತ್ತಾರೆ. ಕವಿ ಏನು ಹೇಳಿದ, ಯಾಕೆ ಹೇಳಿದ ಎಂಬ ವಿಮರ್ಶೆಯ ಪ್ರಶ್ನೆಗೂ ಅದೇ ಮದ್ದು. ನಾನು ಛೇಡಿಸುತ್ತಿದ್ದೆ: "ಮೇಡಂ, ಆ ಮಕ್ಕಳಿಗೆ ಒಂದು ಅಭಿಪ್ರಾಯವಾದ್ರೂ ಉಳಿಸ್ರೀ." ಅವರು ನಗುತ್ತಿರಲಿಲ್ಲ. "ಫೇಲಾದ್ರೆ ಅಭಿಪ್ರಾಯ ತಗೊಂಡು ಏನ್ಮಾಡ್ತಾವೆ ಸಾರ್" ಎನ್ನುತ್ತಿದ್ದರು.

ಅದರಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಅವರು ಹುಟ್ಟಿದ್ದು ಹಾಲ್ಕುರಿಕೆಯಲ್ಲಿ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಎಂ.ಎ. ಪೂರ್ತಿ ಉರು ಹೊಡೆದೇ ಮುಗಿಸಿದೆ ಎಂದು ನಾಚಿಕೆಯಿಲ್ಲದೆ ಹೇಳುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಯಲ್ಲಿ ಇಂಗ್ಲಿಷ್ ಆಡಬೇಕಾದಾಗಲೆಲ್ಲ ಅಂಗೈ ಬೆವರಿ ಚಾಕ್‌ಪೀಸು ಜಾರುತ್ತಿತ್ತಂತೆ. ಉರು ಹೊಡೆದದ್ದು ತನ್ನನ್ನು ಕೈಬಿಡಲಿಲ್ಲ, ಮಕ್ಕಳನ್ನೂ ಬಿಡುವುದಿಲ್ಲ ಎಂಬುದು ಅವರ ಲೆಕ್ಕ. ವರ್ಷ ವರ್ಷವೂ ಇಂಗ್ಲಿಷಿನಲ್ಲಿ ಫೇಲಾದವರನ್ನು ಹುಡುಕಬೇಕಾಗುತ್ತಿತ್ತು. ಹಾಗೆ ಸಿಕ್ಕ ಒಂದಿಬ್ಬರಿಗಾಗಿ ಮೇಡಂ ವಾರಗಟ್ಟಲೆ ಊಟ ಬಿಟ್ಟವರಂತೆ ಕಾಣುತ್ತಿದ್ದರು.

ಕಳೆದ ವರ್ಷ ಹಾಗೆ ಸಿಕ್ಕವಳು ಯೋಗಿತಾ. ಶೆಟ್ಟಿಕೆರೆ ಕಡೆಯ ಹುಡುಗಿ. ತಾಯಿ ಚಿಕ್ಕಗೌರಮ್ಮನಿಗೆ ಒಂದಿಷ್ಟು ತೆಂಗು, ಎರಡು ಹಸು. ಹುಡುಗಿ ವಿಜ್ಞಾನದ ವಿಷಯಗಳಲ್ಲಿ ಚುರುಕು. ನರ್ಸಿಂಗ್ ಓದಬೇಕು ಎಂದು ಹಟ ಹಿಡಿದಿದ್ದಳು. ಆದರೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದರಲ್ಲಿ ನೆಲಕಚ್ಚಿದಳು. ಅವಳಕ್ಕನೂ ಇಂಗ್ಲಿಷಿನಲ್ಲೇ ಫೇಲಾಗಿ, ಮತ್ತೆ ಪರೀಕ್ಷೆಗೆ ಕೂರದೆ, ಈಗ ಊರಿನಲ್ಲಿ ಕೊಬ್ಬರಿ ಒಡೆಯುವ ಕೂಲಿಗೆ ಹೋಗುತ್ತಾಳೆ. ಚಿಕ್ಕಗೌರಮ್ಮ ಒಂದು ದಿನ ಕಾಲೇಜಿಗೇ ಬಂದಳು.

"ಇದೊಂದು ದಾಟ್ಸಿಬುಡಿ ಮೇಡಂನೋರೆ. ದೊಡ್ಡವ್ಳು ಹಿಂಗೇ ನಿಂತೋದ್ಲು. ಇವ್ಳೂ ನಿಂತ್ರೆ ನಾನು ನೋಡಕಾಗಕಿಲ್ಲ."

ಮೇಡಂ ಮುಖ ಬಿಳಿಚಿಕೊಂಡಿತು. ಆ ದಿನದಿಂದ ಕ್ಲಾಸು ಮುಗಿದ ಮೇಲೆ ಯೋಗಿತಾಳನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಳ್ಳತೊಡಗಿದರು. ಹುಡುಗಿಯ ರೋಗ ಬೇಗ ಗೊತ್ತಾಯಿತು. ಉರು ಹೊಡೆದದ್ದರಲ್ಲಿ ಮಧ್ಯೆ ಒಂದು ಪದ ಮರೆತರೆ ಸಾಕು, ಮುಂದಿನದೆಲ್ಲ ಬಿದ್ದುಹೋಗುತ್ತಿತ್ತು. ಖಾಲಿ ಹಾಳೆ ಕೊಟ್ಟು ಬರುತ್ತಿದ್ದಳು.

ಪಠ್ಯದಲ್ಲಿ ಒಂದು ಪದ್ಯವಿತ್ತು. ಒಬ್ಬ ಮುದುಕಿ ದಿನವೂ ಅಟ್ಟ ಹತ್ತುತ್ತಾಳೆ. ಅಲ್ಲಿ ಸತ್ತ ಗಂಡ ಬಿಟ್ಟುಹೋದ ಒಂದು ಪೆಟ್ಟಿಗೆ ಇದೆ. ಅದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದು ಕೇಳಿ, ತೆರೆಯದೆ ಅಲ್ಲೇ ಇಟ್ಟು ಇಳಿದು ಬರುತ್ತಾಳೆ. ಪದ್ಯ ಅಷ್ಟೇ. ಮುದುಕಿಯ ನಡತೆಯನ್ನು ವಿಮರ್ಶಿಸಿ ಎಂಬುದು ಆರು ಅಂಕದ ಪ್ರಶ್ನೆ, ಬಂದೇ ಬರುತ್ತದೆ ಎಂದು ಎಲ್ಲರೂ ನಂಬಿದ್ದ ಪ್ರಶ್ನೆ. ಮೇಡಂ ಬರೆಸಿದ ಉತ್ತರದ ಪ್ರಕಾರ ಆಕೆ ಸತ್ಯಕ್ಕೆ ಹೆದರಿದವಳು, ಭ್ರಮೆಯನ್ನೇ ತಬ್ಬಿಕೊಂಡು ಬದುಕುವ ದುರ್ಬಲೆ. ಗೋಡೆಯಾಚೆಯಿಂದ ಕೇಳಿ ಕೇಳಿ ನಾನೂ ಹಾಗೇ ನಂಬಿದ್ದೆ.

ಒಂದು ಸಂಜೆ ಮೇಡಂ ಸೋತವರಂತೆ, "ಉರು ಬ್ಯಾಡ ಬಿಡು. ಅಜ್ಜಿ ಪೆಟ್ಟಿಗೆ ಯಾಕೆ ತೆಗೆಯಲ್ಲ, ಕನ್ನಡದಲ್ಲೇ ಹೇಳು ನೋಡಣ" ಎಂದರು.

"ಇನ್ನೂ ಟೈಮಾಗಿಲ್ಲ ಮೇಡಂ, ಅದಕ್ಕೆ" ಎಂದಳು ಯೋಗಿತಾ.

"ಏನ್ ಟೈಮು?"

"ನಮ್ಮವ್ವ ಅಟ್ಟದ ಮ್ಯಾಲಿರೋ ಕಾಯಿ ಅಲ್ಲಾಡ್ಸಿ ನೋಡ್ತಾಳಲ್ಲ, ಹಂಗೆ. ಒಳ್ಗೆ ನೀರಿನ ಸದ್ದು ಬಂದ್ರೆ ಒಡೆಯಲ್ಲ, ಅಲ್ಲೇ ಇಡ್ತಾಳೆ. ಹೆದ್ರಿಕೊಂಡು ಇಡೋದಲ್ಲ ಮೇಡಂ. ಈಗ್ಲೇ ಒಡೆದ್ರೆ ಬೂಷ್ಟು ಹಿಡೀತದೆ. ನೀರು ಇಂಗಿ ಕೊಬ್ರಿ ಒಳ್ಗೆ ಗಡಗಡ ಅನ್ನೋಗಂಟ ಬಿಡ್ಬೇಕು. ಅಜ್ಜಿನೂ ಹಂಗೇ. ಗಂಡ ಸತ್ತಿದ್ದು ಒಳ್ಗೆ ಇನ್ನೂ ಹಸಿ ಐತೆ."

ನಮ್ಮ ಸೀಮೆಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಇರುತ್ತದೆ, ಒಳಗಿನ ನೀರು ಚಿಪ್ಪಿನಲ್ಲೇ ಇಂಗಿ ಕೊಬ್ಬರಿಯಾಗುತ್ತದೆ, ಅಲ್ಲಿಯವರೆಗೆ ಯಾರೂ ಒಡೆಯುವುದಿಲ್ಲ. ಆದರೆ ಯಾವುದೋ ಚಳಿದೇಶದ ಕವಿಯ ಪೆಟ್ಟಿಗೆಗೆ ಇದನ್ನು ತಂದು ಹಚ್ಚುವುದು ಸರಿಯೇ? ನನಗೆ ಗೊತ್ತಿಲ್ಲ. ಆ ಕವಿ ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದನೋ ಏನೋ. ಸರಿಯೋ ತಪ್ಪೋ, ನಮ್ಮ ಕಾಲೇಜಿನಲ್ಲಿ ಆ ಪದ್ಯವನ್ನು ನಿಜವಾಗಿ ಓದಿದವಳು ಅವಳೊಬ್ಬಳೇ ಎಂದು ನನಗನ್ನಿಸಿತು. ಮೇಡಂ ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಕೂತುಬಿಟ್ಟಿದ್ದರು. ಕೊನೆಗೆ, "ಇದನ್ನೇ ಬರಿ. ಸಣ್ಣ ಸಣ್ಣ ವಾಕ್ಯದಲ್ಲಿ ಬರಿ. ಇದು ಮರೆಯಲ್ಲ ನಿಂಗೆ" ಎಂದರು. ಅವರ ಕಣ್ಣು ತುಂಬಿತ್ತು.

ಹೇಳಿದ್ದು ಹೇಳಿಬಿಟ್ಟರು, ಭಯ ಶುರುವಾಯಿತು. ಮಾರನೆಯ ದಿನ ಬಂದವರೇ ಕೇಳಿದರು: "ಸಾರ್, ಸ್ಕೀಮಿನಲ್ಲಿ ಇಲ್ಲದ ಉತ್ತರ ಅಂತ ಸೊನ್ನೆ ಹಾಕಿದ್ರೆ?" ಸ್ಕೀಮು ಎಂದರೆ ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಉತ್ತರಪತ್ರಿಕೆ ತಿದ್ದುವವರ ಕೈಗೆ ಕೊಡುವ ಸೂಚಿ. ಮೇಡಂ ಪ್ರತಿವರ್ಷ ಆ ಕೆಲಸಕ್ಕೆ ಹೋಗುವವರು, ಸ್ಕೀಮಿನ ಆಚೆ ಅರ್ಧ ಅಂಕವನ್ನೂ ಕೊಟ್ಟವರಲ್ಲ. ತನ್ನಂಥವರೇ ಒಬ್ಬರ ಕೈಗೆ ಯೋಗಿತಾಳ ಪೇಪರು ಬೀಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಕನ್ನಡದ ಪೇಪರಾಗಿದ್ರೆ ನಾನು ಐದು ಕೊಡ್ತಿದ್ದೆ" ಎಂದೆ.

"ನಿಮಗೇನ್ರೀ, ನೀವು ಕೊಡ್ತೀರಿ" ಎಂದು ರೇಗಿದರು.

ಒಂದು ದಿನ ಹುಡುಗಿಗೆ, "ನಿನ್ನದರ ಜೊತೆ ನೋಟ್ಸಿನ ಎರಡು ಪಾಯಿಂಟೂ ಸೇರಿಸು" ಎಂದರು. ಮರುದಿನ, "ಬೇಡ, ಕಲಸುಮೇಲೋಗರ ಆಗುತ್ತೆ, ನಿನ್ನದೇ ಬರಿ" ಎಂದರು. ಅದರ ಮರುದಿನ ಮತ್ತೆ, "ನೋಟ್ಸನ್ನೂ ಒಂದ್ಸಲ ಓದಿರು, ಯಾವುದಕ್ಕೂ ಇರಲಿ" ಎಂದರು. ಹುಡುಗಿ ಪುಸ್ತಕ ನೋಡುವುದು ಬಿಟ್ಟು ಮೇಡಂ ಮುಖ ನೋಡಲು ಕಲಿತಳು. ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಹೇಳಿಯೂ ಹೇಳಿದೆ: "ಯಾವುದಾದ್ರೂ ಒಂದು ಹೇಳ್ರೀ ಮೇಡಂ, ಆ ಮಗೂನ ಯಾಕೆ ಹುರಿದು ಮುಕ್ತೀರಿ." ಆಯಿತು ಸಾರ್, ನಾಳೆಯಿಂದ ಬಾಯಿ ಬಿಡುವುದಿಲ್ಲ ಎಂದರು.

ಪರೀಕ್ಷೆಯ ಬೆಳಿಗ್ಗೆ ಬಿಸಿಲು ಆಗಲೇ ಏರಿತ್ತು. ಇಂಗ್ಲಿಷ್ ಪರೀಕ್ಷೆಯ ದಿನ ಇಂಗ್ಲಿಷಿನವರಿಗೆ ಒಳಗೆ ಕೆಲಸವಿಲ್ಲ. ಆದರೂ ಮೇಡಂ ಮೊದಲ ಬಸ್ಸಿಗೇ ಬಂದು ಗೇಟಿನ ಹತ್ತಿರ ನಿಂತಿದ್ದರು. ನಾನು ಕೊಠಡಿ ಮೇಲ್ವಿಚಾರಕನಾಗಿ ಒಳಗೆ ಹೋಗುತ್ತಿದ್ದೆ. ಶೆಟ್ಟಿಕೆರೆ ಬಸ್ಸಿನಿಂದ ಯೋಗಿತಾ ಇಳಿದು ಬಂದಳು. ಮೇಡಂ ಅವಳ ಕೈ ಹಿಡಿದುಕೊಂಡರು.

"ಹಾಲ್ ಟಿಕೆಟ್ ಐತಾ? ಪೆನ್ನು? ಇನ್ನೊಂದು ಪೆನ್ನು?"

"ಐತೆ ಮೇಡಂ."

"ಧೈರ್ಯವಾಗಿ ಬರಿ. ನಿನ್ನದೇ ಬರಿ. ಏನೂ ಆಗಲ್ಲ. ಏನಾಗುತ್ತೆ, ಏನೂ ಆಗಲ್ಲ."

ದನಿ ಒಡೆದಿತ್ತು. ಹಿಡಿದ ಕೈ ಬಿಡಲೇ ಇಲ್ಲ. ಬೆಲ್ ಆಯಿತು, ನಾನೇ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದೆ. ಅವಳು ನನ್ನ ಕೊಠಡಿಯಲ್ಲೇ ಇದ್ದಳು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಕಣ್ಣು ಓಡಿಸಿದೆ, ಮುದುಕಿ ಬಂದಿದ್ದಳು. ಮೊದಲ ಪುಟಗಳನ್ನು ಯೋಗಿತಾ ತಡವರಿಸುತ್ತ ಬರೆದಳು. ಒಂದು ಹಂತದಲ್ಲಿ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತ ಕೂತಳು. ಕೂತೇ ಇದ್ದಳು. ನಾನು ಅವಳ ಬೆಂಚಿನ ಕಡೆಗೇ ಎರಡು ಸಲ ಹೋಗಿಬಂದೆ. ಆಮೇಲೆ ತಲೆ ತಗ್ಗಿಸಿ ಬರೆಯತೊಡಗಿದಳು, ಎಲ್ಲೂ ನಿಲ್ಲಿಸದೆ ಬರೆದಳು. ನನಗೆ ಜೀವ ಬಂದಂತಾಯಿತು.

ಹೊರಗೆ ಬಂದಾಗ ಮೇಡಂ ಇನ್ನೂ ಗೇಟಿನಲ್ಲೇ ಇದ್ದರು.

"ಅಜ್ಜೀದು ಬರೆದೆಯಾ?"

"ಬರ್ದೆ ಮೇಡಂ, ಪೂರ್ತಿ ಬರ್ದೆ" ಎಂದು ಹೇಳಿ ಅವಳು ಬಸ್ಸಿಗೆ ಓಡಿದಳು.

ಆಮೇಲೆ ಮೇಡಂ ಬೆಂಗಳೂರಿಗೆ ಮೌಲ್ಯಮಾಪನಕ್ಕೆ ಹೋದರು. ಅಲ್ಲಿ ನಡೆದದ್ದನ್ನು ವಾಪಸು ಬಂದು ನನಗೆ ಹೇಳಿದರು. ಯಾವುದೋ ಜಿಲ್ಲೆಯ, ಯಾರದೋ ಪೇಪರು. ಹೆಸರಿಲ್ಲ, ಊರಿಲ್ಲ. ಆ ಮಗು ಮುದುಕಿಯ ಬಗ್ಗೆ ತನ್ನದೇ ಏನೋ ಬರೆದಿತ್ತು. ನನ್ನ ಅಜ್ಜಿ ಸತ್ತ ತಾತನ ಫೋನನ್ನು ದಿನಾ ಚಾರ್ಜಿಗೆ ಹಾಕುತ್ತಾಳೆ, ಆದರೆ ಆನ್ ಮಾಡುವುದಿಲ್ಲ, ಇದೂ ಹಾಗೆಯೇ ಎಂದು ಮುರುಕು ಇಂಗ್ಲಿಷಿನಲ್ಲಿ ಬರೆದಿತ್ತು. ಸ್ಕೀಮಿನ ಒಂದು ಅಂಶವೂ ಅದರಲ್ಲಿ ಇರಲಿಲ್ಲ. ಮೇಡಂ ಆರಕ್ಕೆ ಐದು ಹಾಕಿದರು. ಅವರ ತಂಡದ ಮುಖ್ಯಸ್ಥ ರೇಣುಕಪ್ರಸಾದ್ ಎಂಬಾತ ಕರೆದು ಕೇಳಿದನಂತೆ:

"ಏನ್ ಮೇಡಂ ಇದು, ಸ್ಕೀಮ್ ನೋಡಿಲ್ವಾ?"

"ನೋಡಿದ್ದೀನಿ. ಪದ್ಯಾನೂ ನೋಡಿದ್ದೀನಿ. ನೀವು ಅದನ್ನ ಒಂದ್ಸಲ ಓದಿ ಸಾರ್, ಆಮೇಲೆ ಹೇಳಿ."

ಮಾತಿಗೆ ಮಾತು ಬೆಳೆದು ಮೌಲ್ಯಮಾಪನದ ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರಂತೆ. ಗ್ಯಾಸಿಗೆ ಹೆದರುವ ಹೆಂಗಸು ತುಂಬಿದ ಹಾಲಿನಲ್ಲಿ ಜಗಳ ಮಾಡಿದ್ದಾರೆ. ನನಗೆ ನಂಬಲಿಕ್ಕೇ ಆಗಲಿಲ್ಲ. ಕೊನೆಗೆ ಆತ ಓದಿ, ಐದನ್ನು ಹಾಗೇ ಬಿಟ್ಟನಂತೆ.

"ಇಲ್ಲಿ ನಾನು ಕೊಟ್ರೆ, ಅಲ್ಲೆಲ್ಲೋ ಯಾರೋ ನನ್ನ ಹುಡುಗೀಗೆ ಕೊಡ್ತಾರೆ ಅನ್ನಿಸ್ತು ಸಾರ್. ದೇವರ ಹತ್ರ ಅಷ್ಟೇ ಕೇಳ್ಕೊಂಡಿದೀನಿ" ಎಂದರು. ಫಲಿತಾಂಶ ಬರುವವರೆಗೂ ಅವರು ಸರಿಯಾಗಿ ತಿನ್ನಲಿಲ್ಲ ಎಂದು ಏಕಾಂತಯ್ಯನವರು ಆಮೇಲೆ ನನಗೆ ಹೇಳಿದರು.

ಫಲಿತಾಂಶದ ಮಾರನೆಯ ದಿನ ಯೋಗಿತಾ ತಾಯಿಯ ಜೊತೆ ಮೈಸೂರ್‌ಪಾಕು ಹಿಡಿದು ಬಂದಳು. ಇಂಗ್ಲಿಷಿನಲ್ಲಿ ಐವತ್ತು ದಾಟಿತ್ತು. ಚಿಕ್ಕಗೌರಮ್ಮ ಮೇಡಂ ಕಾಲಿಗೆ ಬೀಳಲು ಹೋದಳು, ಮೇಡಂ ಎಳೆದು ಕೂರಿಸಿದರು. ಅಷ್ಟು ಸಂತೋಷವಾಗಿದ್ದ ಅವರ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನಾನು ಹೇಳ್ಲಿಲ್ವಾ? ಅಜ್ಜೀದು ನಿನ್ನದೇ ಬರೆದಿದ್ದಕ್ಕೆ ಬಂತು ನೋಡು" ಎಂದರು.

ಯೋಗಿತಾ ನಕ್ಕಳು. "ಇಲ್ಲ ಮೇಡಂ, ನೋಟ್ಸಿಂದೇ ಬರ್ದೆ. ಒಂದು ಪದಾನೂ ಬಿಡ್ಲಿಲ್ಲ."

"ನಿನಗೆ ಉರು ನಿಲ್ಲಲ್ಲವಲ್ಲ?"

"ತಿಂಗ್ಳಿಡೀ ಅದೊಂದೇ ಹೊಡೆದೆ ಮೇಡಂ. ಅವ್ವ ಕಾಯಿ ಸುಲಿಯೋವಾಗ ಎದುರಿಗೆ ಕೂತು ಒಪ್ಪಿಸ್ತಿದ್ದೆ. ಯಾವುದಕ್ಕೂ ಇರ್ಲಿ ಅಂತ ಎರಡೂ ಇಟ್ಕೊಂಡಿದ್ದೆ. ನಂದೇ ಬರೆಯೋಣ ಅಂತಿದ್ದೆ. ಗೇಟ್ ಹತ್ರ ನೀವು ಕೈ ಹಿಡ್ಕೊಂಡ್ರಲ್ಲ, ನಿಮ್ಮ ಕೈ ಹಂಗೆ ನಡುಗ್ತಿತ್ತು. ನಿಮ್ಗೇ ನಂಬ್ಕೆ ಇಲ್ಲ ಅಂತ ಗೊತ್ತಾಯ್ತು. ಯಾಕೆ ನಿಮ್ಗೆ ತೊಂದ್ರೆ ಕೊಡೋದು ಅಂತ ನಂದನ್ನ ಬಿಟ್ಬುಟ್ಟೆ."

ಮೇಡಂ ಮೈಸೂರ್‌ಪಾಕು ಕೈಯಲ್ಲಿ ಹಿಡಿದೇ ಇದ್ದರು.

"ಅಜ್ಜಿ ಹೆದರಿದವಳು ಅಂತ ಬರೆದೆಯಾ?"

"ಹೂಂ ಮೇಡಂ. ಹಂಗೇ ಅಲ್ವಾ ನೀವು ಬರ್ಸಿದ್ದು?"

"ಹೌದಮ್ಮ, ಹಂಗೇ. ಒಳ್ಳೇದಾಯ್ತು" ಎಂದರು ಮೇಡಂ. ಹುಡುಗಿಯ ತಲೆ ಸವರಿದರು, ನರ್ಸಿಂಗ್ ಸೀಟಿನ ವಿಚಾರ ಕೇಳಿದರು, ಗೇಟಿನವರೆಗೂ ಹೋಗಿ ಕಳಿಸಿಕೊಟ್ಟು ಬಂದರು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ತಡವರಿಸುತ್ತ, ಪಾಸಾದಳಲ್ಲ ಮೇಡಂ, ನಮಗೆ ಬೇಕಾಗಿದ್ದು ಅದೇ ತಾನೆ ಎಂದೆ.

"ಅದೇ ಸಾರ್, ಅದೇ" ಎಂದರು. ಕಣ್ಣೊರೆಸಿಕೊಂಡು ಮೈಸೂರ್‌ಪಾಕಿನ ಪೊಟ್ಟಣ ನನ್ನ ಕಡೆ ಸರಿಸಿದರು. ಆಮೇಲೆ ಕೇಳಿದರು:

"ಬೆಂಗಳೂರಲ್ಲಿ ನಾನು ಜಗಳ ಆಡಿ ಐದು ಕೊಟ್ಟೆನಲ್ಲ, ಆ ಮಗೂಗೆ ಪಾಠ ಮಾಡಿದವರು ಯಾರಿದ್ದಾರು ಸಾರ್? ಪರೀಕ್ಷೆ ದಿನ ಅವರ ಕೈ ನಡುಗಿರಲಿಕ್ಕಿಲ್ಲ, ಅಲ್ವಾ?"