ಅಜ್ಜನ ಕೋವಿ, ಅಜ್ಜಿಯ ಕುಂಬಳಕಾಯಿ

ಅಂದು ಬೆಳಿಗ್ಗೆ ಇವರ ಡಬ್ಬಿಗೆ ಅಕ್ಕಿ ರೊಟ್ಟಿ ತುಂಬಿ, ಟೊರೊಂಟೊ ಟ್ರೈನಿಗೆ ಕಳಿಸಿ, ಕಸದ ಬಿನ್ ಎಳೆದುಕೊಂಡು ಹೊರಗೆ ಬಂದೆ. ಪಕ್ಕದ ಮನೆಯ ಗ್ಯಾರೇಜಿನಿಂದ ಕೋವಿಗೆ ಹಚ್ಚುವ ಎಣ್ಣೆಯ ವಾಸನೆ ಬಂತು. ಇಟಲಿಯವರೇ ತುಂಬಿರುವ ವುಡ್‌ಬ್ರಿಡ್ಜ್ ಬಿಟ್ಟು ನಮ್ಮ ಮಿಲ್ಟನ್ನಿಗೆ ಬಂದ ಮುದುಕ ಟೋನಿ ಜಿಂಕೆ ಬೇಟೆಗೆ ಹೊರಟಿದ್ದ. ಬಿನ್ನಿನ ಹಿಡಿಕೆ ಹಿಡಿದೇ ನಿಂತುಬಿಟ್ಟೆ. ಕೊಡಗಿನ ನಮ್ಮ ಮನೆಯ ದೇವರ ಕೋಣೆಗೂ ಕೈಲ್ ಮುಹೂರ್ತದ ದಿನ ಇದೇ ವಾಸನೆ ಇರುತ್ತಿತ್ತು.

ಆ ಹಬ್ಬದಲ್ಲಿ ಕೋವಿಗಳಿಗೆ ಹೂವಿಟ್ಟು ಪೂಜೆ ಮಾಡಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯುವುದು ಊರಿನ ವಾಡಿಕೆ. ನಮ್ಮ ಅಜ್ಜನಿಗೆ ಅದು ಸಾಲದು. "ನಿಂತ ಕಾಯಿಗೆ ಯಾರು ಬೇಕಾದ್ರೂ ಹೊಡೀತಾರೆ. ಹಂದಿ ನಿಂತ್ಕೊಂಡು ಕಾಯುತ್ತಾ?" ಎನ್ನುತ್ತಿದ್ದರು. ಹಿಂದೊಮ್ಮೆ ಕಣಿವೆಯಾಚೆ ಓಡುತ್ತಿದ್ದ ಹಂದಿಯನ್ನು ಒಂದೇ ಗುಂಡಿಗೆ ಕೆಡವಿದ್ದರಂತೆ. ಕಂಡವರು ಯಾರೂ ಉಳಿದಿರಲಿಲ್ಲ. ಹಾಗಾಗಿ ಎದುರು ಗುಡ್ಡದಿಂದ ಒಂದು ಕುಂಬಳಕಾಯಿ ಉರುಳಬೇಕು, ಅಜ್ಜ ಅಂಗಳದಿಂದಲೇ ಹೊಡೆಯಬೇಕು. ಗುಡ್ಡದ ಬುಡದಲ್ಲಿ, ದೊಡ್ಡ ಬಂಡೆಯ ಮರೆಯಲ್ಲಿ ಅಜ್ಜಿಯೂ ನಾನೂ ಕೂತು, ಹಗ್ಗ ಎಳೆದು ಮೇಲಿನ ಕಾಯಿಗೆ ಕೊಟ್ಟ ಅಡ್ಡಗಲ್ಲು ತಪ್ಪಿಸುತ್ತಿದ್ದೆವು. ಗುಂಡು ತಲುಪುವಷ್ಟರಲ್ಲಿ ಪ್ರಾಣಿ ಮುಂದೆ ಹೋಗಿರುತ್ತದೆ, ಅದಕ್ಕೇ ಸ್ವಲ್ಪ ಮುಂದಕ್ಕೆ ಗುರಿ ಇಡಬೇಕು ಎನ್ನುವುದು ಅಜ್ಜನ ಪಾಠ. ಕಣ್ಣು ಮಂಜಾದಂತೆಲ್ಲ ಆ ಸ್ವಲ್ಪ ಬೆಳೆಯುತ್ತಾ ಹೋಗಿ, ಕೊನೆಕೊನೆಗೆ ಗುಂಡಿಗೂ ಕುಂಬಳಕಾಯಿಗೂ ಪರಿಚಯವೇ ಇಲ್ಲದಂತಾಯಿತು. ಕ್ಷೇಮವಾಗಿ ಬಂದ ಕಾಯಿಯನ್ನು ಅಜ್ಜಿ ಮಡಿಲಿಗೆ ಹಾಕಿಕೊಂಡು ಪಲ್ಯ ಮಾಡುತ್ತಿದ್ದರು. ಹಬ್ಬದ ಎಲೆಯಲ್ಲಿ ಹಂದಿ ಮಾಂಸ, ಅಕ್ಕಿ ಉಂಡೆಯ ಕಡಂಬುಟ್ಟಿನ ಪಕ್ಕ ಆ ಪಲ್ಯ ಕಂಡೊಡನೆ ಚಿಕ್ಕಪ್ಪ ಕೆಮ್ಮುತ್ತಿದ್ದರು. ಅಜ್ಜ ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಒಂದು ವರ್ಷ ಚಿಕ್ಕಪ್ಪ ಅಂಗಳದಲ್ಲೇ ಹೇಳಿಬಿಟ್ಟರು: "ಅಪ್ಪಾ, ಈ ಸಲ ತಪ್ಪಿದ್ರೆ ಕೋವಿ ನಂಗೆ ಕೊಟ್ಟು ನೀವು ಕೂತ್ಕೊಳ್ಳಿ."

ಅಜ್ಜ ಕನ್ನಡಕವನ್ನು ಎರಡು ಸಲ ಒರೆಸಿದರು.

ಹಗ್ಗ ಎಳೆದೆವು. ಢಂ! ಎಲ್ಲೋ ಮೇಲಿನ ಮರದಿಂದ ಕಾಗೆಗಳೆದ್ದವು. ಕಾಯಿ ಗಂಭೀರವಾಗಿ ಉರುಳಿ ಬಂದು ನಮ್ಮ ಕಾಲಬುಡದಲ್ಲಿ ನಿಂತಿತು. ಅಜ್ಜಿ ಅದನ್ನೊಮ್ಮೆ ತಟ್ಟಿ ನೋಡಿದರು. ಒಳ್ಳೆಯ ಬಲಿತ ಕಾಯಿ, ನಿಟ್ಟುಸಿರು ಬಂತು. ಎರಡೂ ಕೈಯಲ್ಲಿ ಎತ್ತಿ ಬಂಡೆಗೆ ಅಪ್ಪಳಿಸಿ, "ಬಿತ್ತು ಕಣ್ರೀ, ಬಿತ್ತು!" ಎಂದು ಕೂಗಿದರು.

"ಸುಳ್ಳು ಹೇಳಿದ್ರೆ ಪಾಪ ಅಂತ ಕಾನ್ವೆಂಟಿನ ಸಿಸ್ಟರ್ ಹೇಳಿದ್ದಾರೆ, ಅಜ್ಜಿ," ಎಂದೆ.

"ನಿಮ್ಮ ಸಿಸ್ಟರಿಗೆ ಗಂಡ ಇದಾನಾ? ಸುಮ್ನೆ ಹೋಳು ಆಯ್ಕೋ."

ಓಡಿ ಬಂದ ಚಿಕ್ಕಪ್ಪ ಹೋಳುಗಳನ್ನು ತಿರುಗಿಸಿ ತಿರುಗಿಸಿ ಗುಂಡಿನ ಗುರುತು ಹುಡುಕಿದರು. ಆಮೇಲೆ ಅಜ್ಜಿಯ ಸೆರಗಿಗೆ ಅಂಟಿದ್ದ ಬೀಜಗಳು ಅವರ ಕಣ್ಣಿಗೆ ಬಿದ್ದವು. ಕೈಯಲ್ಲಿದ್ದ ಹೋಳು ಕೆಳಗಿಟ್ಟು, ಅಂಗಳದ ಕಡೆ ತಿರುಗಿ, "ಸರಿಯಾಗಿ ನಡುವಿಗೇ ಬಿದ್ದಿದೆ, ಅಪ್ಪಾ!" ಎಂದರು. ಆ ದಿನ ಪಲ್ಯವಿಲ್ಲದ ಎಲೆಯ ಮುಂದೆ ಅಜ್ಜ ತಲೆಯೆತ್ತಿ ಕೂತಿದ್ದರು. ಕೋವಿ ಕೊನೆಯವರೆಗೂ ಅವರ ಮಂಚದ ಪಕ್ಕದ ಗೋಡೆಯಲ್ಲೇ ಇತ್ತು. ಈಗ ಆ ಗೋಡೆಯಿಲ್ಲ, ಮನೆಯಿಲ್ಲ, ಮೂವರೂ ಇಲ್ಲ.

ಸಂಜೆ ಟೋನಿಯ ಟ್ರಕ್ಕು ಖಾಲಿಯಾಗಿ ಬಂತು. ಇಳಿದವನೇ ಎರಡು ಕೈ ಅಗಲಿಸಿ, ಎಷ್ಟು ದೂರ, ಎಂಥಾ ಓಟ, ಕೂದಲೆಳೆಯಲ್ಲಿ ತಪ್ಪಿತು ಎಂದೆಲ್ಲ ನನಗೆ ಹೇಳಿ ಒಳಗೆ ಹೋದ. ಅವನ ಹೆಂಡತಿ ರೋಸಾ ಖಾಲಿ ಬಿನ್ ಎಳೆದುಕೊಳ್ಳುತ್ತಾ ನನ್ನತ್ತ ನೋಡಿ ಹೇಳಿದಳು:

"ಪ್ರತಿ ವರ್ಷ ಅದೇ ಜಿಂಕೆ. ನಾನು ಹೂಂ ಅಂದುಬಿಡ್ತೀನಿ, ಚೆನ್ನಾಗಿ ನಿದ್ದೆ ಮಾಡ್ತಾನೆ."